ಗಂಡಸಿನ ನಡಿಗೆಗೆ ಹತ್ತಕ್ಕೆ ಹತ್ತು

ಆ ಹೆಂಗಸು ಕುಣಿಯುತ್ತ ಕುಣಿಯುತ್ತ ಒಮ್ಮೆಲೇ ಹಿಂದಕ್ಕೆ ಬಿದ್ದಳು. ಒಂದು ಕಾಲು ಬೆನ್ನ ಕೆಳಗೆ, ಇನ್ನೊಂದು ಗಾಳಿಯಲ್ಲಿ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ನಮ್ಮ ಸುರಪುರದ ಕಡೆ ಯಾರಾದರೂ ಹೀಗೆ ಬಿದ್ದರೆ ಮೂರ್ಛೆ ಬಂತೆಂದು ಕೈಗೆ ಕಬ್ಬಿಣ ಹಿಡಿಸುತ್ತೇವಲ್ಲ, ನಾನೂ ಓಡಿಹೋಗಿ ನನ್ನ ಕೀಲಿಕೈಯನ್ನು ಅವಳ ಅಂಗೈಗೆ ಒತ್ತಿದೆ. ಹಾಲ್ ತುಂಬ ನಗು. "ಮರೀ ನೈ ರೇ ಮೈ" ಎಂದಳು ಅವಳು, ಮಲಗಿದಲ್ಲೇ. ನಾನು ಸತ್ತಿಲ್ಲವೋ ಎಂದು. ಮುಂಬೈಗೆ ಬಂದು ಮೂರು ತಿಂಗಳಾದ ಮೇಲೆ ನಮ್ಮ ಸಂತೆಯ ದಖನಿ ಉರ್ದು ಕಿವಿಗೆ ಬಿದ್ದದ್ದು ಅಂದೇ.

ಅವಳು ರೂಹಿ, ಹೈದರಾಬಾದಿನವಳು. ಬಿದ್ದದ್ದು ವೋಗಿಂಗ್ ಎಂಬ ಕುಣಿತದ ಒಂದು ವರಸೆ. ಅದನ್ನು ಕಲಿಸುವವಳೂ ಅವಳೇ. ನಾನು ಕುರ್ಲಾದಲ್ಲಿ ಅಂಗಿ ಹೊಲಿಯುವವನು, ಹೆಸರು ನಿಂಗರಾಜ. ಅವರ ಕುಣಿತದ ಬಟ್ಟೆ ಮುಟ್ಟಿಸಲು ಆ ಹಾಲ್‌ಗೆ ಹೋಗಿದ್ದೆ.

ಊರು ಬಿಟ್ಟದ್ದು ನನ್ನ ನಡಿಗೆಯ ದೆಸೆಯಿಂದ. ಅದು ಹೆಣ್ಣಿನ ನಡಿಗೆಯಂತೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಸೀಟಿ ಹೊಡೆಯುತ್ತಿದ್ದವರು ಒಂದು ದಿನ ನನ್ನನ್ನೇ ಹೊಡೆದರು. ಅಣ್ಣ ಅವರನ್ನು ಕೇಳಲಿಲ್ಲ. ನನಗೆ ಹೇಳಿದ: "ಗಂಡಸಿನಂಗ ನಡಿಲಾಕ ಬಂದ ದಿನ ಮನಿಗಿ ಬಾ. ಅಲ್ಲಿತನಕ ಅವ್ವನ ಮಾರಿ ನೋಡಬ್ಯಾಡ." ಮರುದಿನ ಯಾದಗಿರಿಯಲ್ಲಿ ರೈಲು ಹತ್ತಿದೆ.

ಇಲ್ಲಿ ಕೋಣೆಗೆ ಖೋಲಿ ಎನ್ನುತ್ತಾರೆ. ನಮ್ಮದರಲ್ಲಿ ಐದು ಮಂದಿ. ಒಬ್ಬ ಹೊರಳಿದರೆ ಐವರೂ ಹೊರಳಬೇಕು. ಇವರ ಭಾಕರಿ ನಮ್ಮ ಜೋಳದ ರೊಟ್ಟಿಯೇ, ಆದರೆ ಎದುರಿಗೆ ಕೂತು "ಇನ್ನೊಂದು ಹಾಕ್ಲೇನು?" ಎನ್ನುವವರಿಲ್ಲ. ಸುರಪುರದಲ್ಲಿ ಕಂಡವರೆಲ್ಲ ಯಾರ ಮಗ ಎಂದು ಕೇಳುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಇಲ್ಲಿ ಯಾರೂ ಕೇಳುವುದಿಲ್ಲ. ಅದು ಇನ್ನೂ ಕೆಟ್ಟದ್ದು ಎಂದು ನಿಧಾನಕ್ಕೆ ತಿಳಿಯಿತು.

ರೂಹಿಯನ್ನು ಅಲ್ಲಿ ಎಲ್ಲರೂ ಮನೆಯ ತಾಯಿ ಎನ್ನುತ್ತಾರೆ. ಈ ಮನೆಗೆ ಗೋಡೆಗಳಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕಪ್ಪು ಜನರ ಕೇರಿಯಲ್ಲಿ, ಗಂಡು-ಹೆಣ್ಣಿನ ಕಟ್ಟಿಗೆ ಹೊಂದದ ನಮ್ಮಂಥವರೆಂದು ಹೆತ್ತವರು ಹೊರಹಾಕಿದ ಮಕ್ಕಳನ್ನು ಯಾರೋ ಒಬ್ಬಳು ನನ್ನವರು ಎಂದು ಕೂಡಿಸಿಕೊಳ್ಳುತ್ತಿದ್ದಳಂತೆ, ಅದೇ ಮನೆ. ಬಿಳಿಯರ ಸ್ಪರ್ಧೆಗಳಲ್ಲಿ ಅವರಿಗೆ ಬಹುಮಾನ ಸಿಗುತ್ತಿರಲಿಲ್ಲ, ತಮ್ಮದೇ ಸ್ಪರ್ಧೆ ಕಟ್ಟಿಕೊಂಡರು. ಅದಕ್ಕೆ ಬಾಲ್ ಎಂದು ಹೆಸರು. ಅದರಲ್ಲಿ ಒಂದು ಪಂದ್ಯ ರಿಯಲ್‌ನೆಸ್. ಯಾರಿಗೂ ಅನುಮಾನ ಬಾರದಂತೆ ಸಾದಾ ಗಂಡಸಾಗಿ, ಸಾದಾ ಹೆಂಗಸಾಗಿ ನಡೆದು ತೋರಿಸುವುದು. ಬೀದಿಯಲ್ಲಿ ಪೆಟ್ಟು ತಿನ್ನದೆ ಮನೆ ಮುಟ್ಟಲು ಕಲಿತ ವಿದ್ಯೆ ಅದು ಎಂದಳು ರೂಹಿ.

ಉಳಿದವರು ಕೈ ತಿರುಗಿಸುವುದು, ಕುಕ್ಕರಗಾಲಲ್ಲಿ ಕುಣಿಯುವುದು ಕಲಿತರು. ನಾನು ಇದೊಂದನ್ನೇ ಎರಡು ವರ್ಷ ಕಲಿತೆ. ಹಿಮ್ಮಡಿ ಊರಿ, ಭುಜ ಬಿಗಿದು, ದನಿ ತಗ್ಗಿಸಿ. ಮುಂಬೈಯಲ್ಲೂ ಅಂಥ ಬಾಲ್ ನಡೆಯುತ್ತದೆ. ಬಾಲ್‌ನಲ್ಲಿ ನಾನು ನಡೆದಾಗ ತೀರ್ಪುಗಾರರೆಲ್ಲ ಹತ್ತು ಎಂದು ಬರೆದ ರಟ್ಟು ಎತ್ತಿದರು. ರೂಹಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಪಂದ್ಯ ಮುಗಿದ ಮೇಲೆ ಇದನ್ನು ಬಿಚ್ಚಿಡುವುದೂ ಬರಬೇಕು" ಎಂದಳು. ಗೆದ್ದ ಗುಂಗಿನಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ.

ಮುಂದಿನ ತಿಂಗಳು ಅಣ್ಣನ ಫೋನು. "ಅವ್ವಗ ಜಡ್ಡು ಭಾಳ ಆಗ್ಯಾದ. ನಡಿಗಿ ಸುಧಾರಿಸ್ಯಾದೇನು?"

ಯಾದಗಿರಿಯಲ್ಲಿ ಇಳಿದೆ. ಶಹಾಪುರದ ನಿಲ್ದಾಣವನ್ನು ಈ ತುದಿಯಿಂದ ಆ ತುದಿಗೆ ದಾಟಿದೆ, ಒಂದೂ ಸೀಟಿಯಿಲ್ಲ. ಸುರಪುರದ ಮನೆಯ ಬಾಗಿಲಲ್ಲಿ ಅಣ್ಣ ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿ ಒಳಗೆ ಬಿಟ್ಟ.

ಸಕ್ಕರೆ ಕಾಯಿಲೆ ಅವ್ವನ ಕಣ್ಣು ತಿಂದುಹಾಕಿತ್ತು. ಸಪ್ಪಳ ಕೇಳಿ ಸೆರಗು ಸರಿಮಾಡಿಕೊಂಡಳು. "ಯಾರ್ರಿ? ಕುಂದರ್ರಿ."

"ನಿಂಗ್ಯಾ ಬಂದಾನ, ಅವ್ವಾ" ಎಂದ ಅಣ್ಣ.

"ಸುಳ್ಳ ಹೇಳಬ್ಯಾಡ. ನನ್ನ ಮಗನ ಹೆಜ್ಜಿ ನನಗ ಗೊತ್ತಿಲ್ಲೇನು? ಇವರ್ಯಾರೋ ಬ್ಯಾರೆ."

"ಅವ್ವಾ" ಎಂದೆ. ಅದೂ ಆ ತಗ್ಗಿಸಿದ ದನಿಯಲ್ಲೇ ಬಂತು. ಬಾಗಿಲಿಗೆ ಹೋಗಿ ನನ್ನ ನಡಿಗೆಯಲ್ಲಿ ತಿರುಗಿ ಬಂದಿದ್ದರೆ ಸಾಕಿತ್ತು, ನಾಲ್ಕೇ ಹೆಜ್ಜೆ. ಬಾಗಿಲಲ್ಲಿ ಅಣ್ಣ ನಿಂತಿದ್ದ, ಅವನ ಹಿಂದೆ ಓಣಿಯವರು. ನಾನು ಹೇಡಿ, ಕೂತೇ ಇದ್ದೆ.

ಎಂಟನೆಯ ದಿನ ಅವ್ವ ತೀರಿದಳು. ಹೆಗಲು ಕೊಡಲು ಬಿಟ್ಟರು. ಈಗ ಅಣ್ಣ ಊರಿಗೇ ಬಂದುಬಿಡು ಎನ್ನುತ್ತಾನೆ, ಅವನು ಕರೆಯುವುದು ಆ ಬೇರೆಯವನನ್ನು. ರೂಹಿಯ ಮನೆಯಲ್ಲಿ ನನಗೆ ಜಾಗವಿದೆ, ಅಲ್ಲಿ ಅವ್ವನನ್ನು ಕಂಡವರು ಒಬ್ಬರೂ ಇಲ್ಲ.

ತೀರುವ ಹಿಂದಿನ ದಿನ ಅವ್ವ ನನ್ನ ಕೈ ಹಿಡಿದಿದ್ದಳು. "ಮುಂಬೈದವರಂತಲ್ರಿ ನೀವು. ಅಲ್ಲಿ ನಮ್ಮ ನಿಂಗು ಅದಾನ. ಸಿಕ್ಕರ ಅವ್ವ ಬಾ ಅಂದಾಳಂತ ಹೇಳ್ರಿ."

"ಹೇಳ್ತೀನ್ರಿ" ಎಂದೆ.