ಬಿರಡೆ ತೆಗೆದ ನಳಿಕೆ

ನಮ್ಮ ಪ್ರೊಫೆಸರರ ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಗಾಜಿನ ನಳಿಕೆಯೊಂದು ಇದ್ದೇ ಇರುತ್ತದೆ. ಕುದುರೆಯ ಬಿಳಿ ರಕ್ತಕಣಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕಿಣ್ವಗಳಿವೆಯೆಂದು ಶುರುಮಾಡಿದರೆ ಎದುರಿದ್ದವರ ಕಾಫಿ ಆರಿ ಕೆನೆಗಟ್ಟಬೇಕು. ಮಗಳು ಮಂಡಿ ತರಚಿಕೊಂಡು ಬಂದಾಗಲೂ, "ಅಳಬೇಡ ಪುಟ್ಟಿ, ನೀನು ಕುದುರೆ ಆಗಿದ್ದಿದ್ರೆ..." ಎಂದು ಹೊರಟವರ ಬಾಯಿಯನ್ನು, "ಮೊದಲು ಹತ್ತಿ ತನ್ನಿ" ಎಂದು ಹೆಂಡತಿಯೇ ಮುಚ್ಚಿಸಿದ್ದು. ಸಂಶೋಧನೆಗೆಂದು ಕಾಲೇಜಿನ ಲಾಯದ ಮುದಿ ಕುದುರೆಯಿಂದ ವಾರವಾರವೂ ರಕ್ತ ತೆಗೆಯುವವರು ಅವರೇ. ಈ ವಾರ ಲಾಯದಾಳು ಅದರ ಕುತ್ತಿಗೆ ತೋರಿಸಿ, "ನೀವು ಚುಚ್ಚಿದ ಜಾಗ ಸಾರ್, ಕೀವಾಗಿದೆ" ಎಂದ. ಕೀವೆಂದರೆ ಬಿಳಿ ಕಣಗಳ ರಾಶಿ! ಪ್ರೊಫೆಸರರ ಕೈ ತಾನಾಗಿ ಜೇಬಿಗೆ ಹೋಗಿ, ನಳಿಕೆ ತೆಗೆದು, ಬಿರಡೆ ಬಿಚ್ಚಿತು. ಗಾಯ ತೊಳೆಯಲು ಬಿಸಿನೀರು ಹಿಡಿದು ನಿಂತಿದ್ದ ಆಳು ಅದನ್ನು ನೋಡಿ, "ತಗೊಳ್ಳಿ ಸಾರ್, ಆಮೇಲೆ ತೊಳೀತೀನಿ" ಎಂದು ಪಕ್ಕಕ್ಕೆ ಸರಿದ. ಕುದುರೆಯೂ ಎಂದಿನಂತೆ ಕುತ್ತಿಗೆ ಚಾಚಿತು. ಪ್ರೊಫೆಸರರು ತಲೆತಗ್ಗಿಸಿ ಖಾಲಿ ನಳಿಕೆಯನ್ನು ಮತ್ತೆ ಮುಚ್ಚಲು ಹೋದರು; ಬಿರಡೆಗೆ ಅದರ ಬಾಯಿ ಎಷ್ಟು ಹೊತ್ತಾದರೂ ಸಿಗಲಿಲ್ಲ.