ಏನನ್ನೂ ಹೇಳದ ನಂಬರು

ದೇವನೂರಿನ ಕೆಂಪಯ್ಯನ ಮಗಳು ಗೌತಮಿ ನಮ್ಮ ಟ್ರಸ್ಟಿನ ಕ್ಲಿನಿಕ್ಕಿಗೆ ಕಂಪ್ಯೂಟರ್ ಆಪರೇಟರಾಗಿ ಸೇರಿದಾಗ ಅವಳಿಗೆ ಇಪ್ಪತ್ಮೂರು ವರ್ಷ. ನಂಜನಗೂಡಿನಲ್ಲೇ ಬಿಸಿಎ ಓದಿದ್ದಳು. ನಾನು ಅಲ್ಲಿ ನರ್ಸ್. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಗೆ ವಾರಕ್ಕೆ ನಾಲ್ಕು ದಿನ ವ್ಯಾನಿನಲ್ಲಿ ಹೋಗಿ, ಬಿಪಿ, ಸಕ್ಕರೆ ನೋಡಿ, ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು ಬರುವುದು ನಮ್ಮ ಕೆಲಸ.

ಗೌತಮಿಯ ಲ್ಯಾಪ್‌ಟಾಪಿನಲ್ಲಿ ರೋಗಿಗಳದ್ದೊಂದು ಟೇಬಲ್ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಯಾವ ಸಾಲು ಯಾರದ್ದೆಂದು ಕಂಪ್ಯೂಟರಿಗೆ ಗೊತ್ತಾಗಬೇಕಾದರೆ ಪ್ರತಿ ಸಾಲಿಗೂ ಇನ್ನೊಂದಕ್ಕಿಲ್ಲದ ಗುರುತು ಬೇಕು, ಅದಕ್ಕೆ ಪ್ರೈಮರಿ ಕೀ ಅನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವಳು ಅವಳೇ. ನಮ್ಮ ಮ್ಯಾನೇಜರ್ ಸಿದ್ದರಾಜು ಮೊಬೈಲ್ ನಂಬರನ್ನೇ ಆ ಗುರುತಾಗಿ ಇಡಿಸಿದ್ದರು. ಒಂದು ನಂಬರು ಇಬ್ಬರಿಗಿರಲು ಸಾಧ್ಯವಿಲ್ಲ ಎಂದು ಅವರ ವಾದ.

ಆದರೆ ನಾವು ಹೋಗುವ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಅದೂ ಗಂಡಸರ ಜೇಬಿನಲ್ಲಿ. ಮಗನ ನಂಬರು ಹೇಳಿ ಸೊಸೆ ಹೆಸರು ಬರೆಸಿದ್ದರೆ, ಆಮೇಲೆ ಬಂದ ಅತ್ತೆಯನ್ನು ಕಂಪ್ಯೂಟರು ಸೇರಿಸಿಕೊಳ್ಳುತ್ತಿರಲಿಲ್ಲ. ಗೌತಮಿ ಬರುವ ಮುಂಚೆ ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಕೈಗೆ ಬಂದ ಹತ್ತು ಅಂಕಿ ಒತ್ತಿಬಿಡುತ್ತಿದ್ದೆವು. ನಾನೂ ಒತ್ತಿದ್ದೇನೆ. ಮುಂದಿನ ತಿಂಗಳು ಆ ರೋಗಿಯ ಸಾಲು ಹುಡುಕಿದರೆ ಸಿಗುತ್ತಿರಲಿಲ್ಲ.

ಗೌತಮಿ ಸೇರಿದ ಎರಡನೇ ವಾರ ನಾವು ಮೂಗೂರಿಗೆ ಹೋಗಿದ್ದೆವು. ಅರವತ್ತು ದಾಟಿದ ಚಿಕ್ಕಮಾದಮ್ಮ ಬಂದು ಮಗನ ನಂಬರು ಹೇಳಿದರು. ತೆರೆದುಕೊಂಡದ್ದು ಅವರ ಸೊಸೆ ವಾಣಿಯ ಸಾಲು. "ಇದರಲ್ಲಿ ವಾಣಿ ಅಂತಿದೆ ಸಿಸ್ಟರ್" ಎಂದಳು ಗೌತಮಿ. ಹಿಂದಿನವರು ಹೆಸರು ತಪ್ಪಾಗಿ ಹೊಡೆದಿರಬೇಕು, ಕ್ಯೂ ಬೆಳೀತಿದೆ, ಮಾತ್ರೆಯ ಚೀಟಿ ತೆಗಿ ಎಂದೆ. ಬಿಪಿ ಒಂದೇ ಇದ್ದ ಆ ಹೆಂಗಸಿಗೆ ವಾಣಿಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಣಿಸಿ ಕೊಟ್ಟವಳು ನಾನು.

ಮೂರನೇ ದಿನ ಚಿಕ್ಕಮಾದಮ್ಮ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದವರು ಗದ್ದೆ ಬದುವಿನ ಮೇಲೆ ಬಿದ್ದುಬಿಟ್ಟರು. ಸಕ್ಕರೆ ತೀರಾ ಇಳಿದುಹೋಗಿತ್ತಂತೆ; ಆಟೋದಲ್ಲಿ ಟಿ. ನರಸೀಪುರದ ಆಸ್ಪತ್ರೆಗೆ ಕರೆದೊಯ್ದು, ಗ್ಲೂಕೋಸ್ ಹಾಕಿಸಿದ ಮೇಲೆ ಕಣ್ಣು ಬಿಟ್ಟರು. ವಿಷಯ ತಿಳಿದು ನಾನೂ ಗೌತಮಿಯೂ ಮನೆಗೆ ಹೋದೆವು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ನಂದೇ ಮಾತ್ರೆ ಅನ್ಕಂಡು ನುಂಗ್ದೆ ಕಣವ್ವ" ಎಂದರು. "ಅಲ್ಲಾ, ನಿಮ್ ಕಂಪ್ಯೂಟ್ರಲ್ಲಿ ನಾನು ಇಲ್ವೇ ಇಲ್ವಾ?"

ಅವರ ಸಾಲು ಇತ್ತು, ಹಿಂದೆ ನಾವು ಒತ್ತಿದ್ದ ಯಾವುದೋ ಸುಳ್ಳು ನಂಬರಿನಲ್ಲಿ. ಮಾರನೇ ಬೆಳಿಗ್ಗೆ ಗೌತಮಿ ನೇರವಾಗಿ ಸಿದ್ದರಾಜು ಅವರ ಮುಂದೆ ಹೋಗಿ ನಿಂತು, ಫೋನ್ ನಂಬರನ್ನು ಗುರುತಾಗಿ ಇಡುವುದು ಬೇಡ, ನಾನಂತೂ ಸುಳ್ಳು ನಂಬರು ಒತ್ತುವುದಿಲ್ಲ ಎಂದಳು.

ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ರಘು ಎಂಬವನನ್ನು ಮೈಸೂರಿನಿಂದ ಕರೆಸಿದರು. ಹಾಗಾದರೆ ಹೆಸರು, ತಂದೆ ಹೆಸರು, ಊರು ಮೂರನ್ನೂ ಸೇರಿಸಿ ಗುರುತು ಮಾಡೋಣ ಎಂದ ಅವನು. ಗೌತಮಿ ಚಿಕ್ಕಯ್ಯನಛತ್ರದ ಒಂದು ದಿನದ ಪಟ್ಟಿ ತೆಗೆದು ತೋರಿಸಿದಳು. ಅದರಲ್ಲಿ ನಾಲ್ಕು ಜನ ನಂಜುಂಡಸ್ವಾಮಿಗಳಿದ್ದರು. ಇಬ್ಬರ ಅಪ್ಪನ ಹೆಸರೂ ಮಾರಯ್ಯ. ಆಧಾರ್ ನಂಬರು ಹಾಕೋಣ ಎಂದ ರಘು. ಕಾರ್ಡು ತರದೆ ಬಂದವರಿಗೆ ಬಿಪಿ ನೋಡುವುದಿಲ್ಲ ಅನ್ನಲಾದೀತೇ, ಆ ನಂಬರನ್ನು ಚೀಟಿ ಚೀಟಿಯ ಮೇಲೂ ಅಚ್ಚು ಹಾಕಿ ಕೊಡುವುದು ಸರಿಯೇ ಎಂದು ಕೇಳಿದಳು.

"ನಂಬರು ನಾವೇ ಕೊಡೋಣ ಸರ್" ಎಂದಳು. "ಬಂದ ಹಾಗೆ ಒಂದು, ಎರಡು, ಮೂರು ಅಂತ. ಅದಕ್ಕೆ ಏನೂ ಅರ್ಥ ಇರಬಾರ್ದು. ಫೋನು ಹೋದ್ರೂ, ಮದುವೆಯಾಗಿ ಊರು ಬಿಟ್ರೂ ಅದು ಬದಲಾಗಬಾರ್ದು. ಸತ್ರೂ ಇನ್ನೊಬ್ರಿಗೆ ಕೊಡಬಾರ್ದು."

ಸಿದ್ದರಾಜು ಒಪ್ಪಿದರು. ಆದರೆ ಬರೀ ಅಂಕಿ ಯಾಕೆ, ಮುಂದೆ ಎರಡು ಅಕ್ಷರ ಇರಲಿ ಎಂದರು. ಒಂದು ಊರಿಗೆ, ಇನ್ನೊಂದು ಜಾತಿಯ ವರ್ಗಕ್ಕೆ. ಯಾವ ವರ್ಗದವರು ಎಷ್ಟು ಜನ ಬಂದರೆಂದು ದೇಣಿಗೆ ಕೊಡುವವರಿಗೆ ವರದಿ ಕಳಿಸಬೇಕಿತ್ತು. ನಂಬರು ನೋಡಿದ ತಕ್ಷಣ ಗೊತ್ತಾದರೆ ಕೆಲಸ ಸುಲಭ ಎಂದು ಅವರ ಯೋಚನೆ. ಅವರೇನೂ ಕೆಟ್ಟವರಲ್ಲ, ಅದರಲ್ಲಿ ತಪ್ಪಿದೆ ಎಂದು ಅವರಿಗೆ ಹೊಳೆದಿರಲೇ ಇಲ್ಲ. ನನಗೂ ಹೊಳೆದಿರಲಿಲ್ಲ.

ಗೌತಮಿ ಆಗ ತಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು ಹೇಳಿದಳು. ಹಾಜರಿಪಟ್ಟಿಯಲ್ಲಿ ಅವಳ ಮತ್ತು ಇನ್ನೂ ಆರು ಮಕ್ಕಳ ನಂಬರಿನ ಪಕ್ಕ ಒಂದು ಅಕ್ಷರ ಇತ್ತಂತೆ. ಮೇಷ್ಟ್ರು ಆ ಅಕ್ಷರವನ್ನೇ ಕೂಗಿ ಎದ್ದು ನಿಲ್ಲಿ ಅನ್ನುತ್ತಿದ್ದರಂತೆ. ಮೂರು ವರ್ಷ ಎದ್ದು ನಿಂತಿದ್ದಾಳೆ.

"ವರದಿಗೆ ಬೇಕಾದ್ರೆ ಬೇರೆ ಕಾಲಮ್ಮಿನಲ್ಲಿ ಇಟ್ಕೊಳ್ಳಿ ಸರ್, ಬೇಕಾದವರು ಮಾತ್ರ ನೋಡ್ಲಿ. ಕ್ಯೂನಲ್ಲಿ ನಂಬರ್ ಕೂಗೋಳು ನಾನು. ನಾನು ಜಾತಿ ಕೂಗಲ್ಲ."

ಹೇಳಿದಂತೆ ಮಾಡುವುದಾದರೆ ನಾಳೆ ಬಾ, ಇಲ್ಲದಿದ್ದರೆ ಬರಬೇಡ ಎಂದರು ಸಿದ್ದರಾಜು.

ಅವಳು ಮರುದಿನವೂ ಬಂದಳು. ಆಫೀಸಿನವರು ಲ್ಯಾಪ್‌ಟಾಪ್ ಕೊಡಲಿಲ್ಲ. ಮಾತ್ರೆಯ ಖಾಲಿ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಕಾರ್ಡು ಮಾಡಿಕೊಂಡು, ಒಂದು ನೋಟ್‌ಬುಕ್ ಹಿಡಿದು, ವ್ಯಾನು ಹತ್ತಿ ಕೂತಳು. ಇಳಿ ಎಂದು ಡ್ರೈವರ್ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ದಿನ ಚಿಕ್ಕಯ್ಯನಛತ್ರದಲ್ಲಿ ಮೊದಲು ಬಂದ ಪಾಪಮ್ಮನಿಗೆ ಒಂದನೇ ನಂಬರು ಬರೆದುಕೊಟ್ಟಳು. ಹಿಂದೆ ಬಂದ ಊರ ಯಜಮಾನರೊಬ್ಬರಿಗೆ ಎರಡು. ಅವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಗೆ ಒಂದ್ ಕೊಡ್ಬಾರ್ದಾಗಿತ್ತಾ?" ಎಂದರು. ಪಾಪಮ್ಮ ನಿಮಗಿಂತ ಮೊದಲು ಬಂದಿದ್ದರು ಎಂದಳು, ಅಷ್ಟೇ.

ಕಾರ್ಡು ತೋರಿಸಿದವರಿಗೆ ಮಾತ್ರ ಮಾತ್ರೆ ಎಂದು ನಾನೂ ನಿರ್ಧರಿಸಿದೆ. ಚಿಕ್ಕಮಾದಮ್ಮ ಬಿದ್ದ ಮೇಲೆ ನಾನು ಹೆಸರನ್ನು ಎರಡೆರಡು ಸಲ ಕೇಳಿಕೊಂಡೇ ಮಾತ್ರೆ ಎಣಿಸುತ್ತಿದ್ದೆ. ನಮ್ಮ ಡಾಕ್ಟರ್ ಬೆಟ್ಟಸ್ವಾಮಿ ಜಗಳಕ್ಕೆ ಹೋಗುವವರಲ್ಲ. ಆದರೆ ಗೌತಮಿ ಕೊಟ್ಟ ನಂಬರಿಲ್ಲದ ರೋಗಿಗಳ ಹಾಳೆಗೆ ಸಹಿ ಹಾಕುವುದಿಲ್ಲ ಎಂದು ಆಫೀಸಿಗೆ ಬರೆದು ಕಳಿಸಿದರು. ಮೂರು ವಾರ ಹೀಗೆ ನಡೆಯಿತು. ಡಾಕ್ಟರ ಸಹಿಯಿಲ್ಲದೆ ದೇಣಿಗೆ ಕೊಡುವವರಿಗೆ ತಿಂಗಳ ವರದಿ ಹೋಗಲಿಲ್ಲ. ನಾಲ್ಕನೇ ವಾರ ಸಿದ್ದರಾಜು ಕರೆಸಿದ್ದರಿಂದ ರಘು ಮತ್ತೆ ಬಂದು, ನೋಟ್‌ಬುಕ್ಕಿನ ನಂಬರುಗಳನ್ನೇ ಇಟ್ಟು ಟೇಬಲ್ಲನ್ನು ಹೊಸದಾಗಿ ಕಟ್ಟಿದ. ವರ್ಗದ್ದು ಬೇರೆ ಕಾಲಮ್ಮು, ಚೀಟಿಯಲ್ಲಿ ಬರುವುದಿಲ್ಲ. ಅತ್ತೆಗೊಂದು ಸಾಲು, ಸೊಸೆಗೊಂದು ಸಾಲು. ಫೋನ್ ನಂಬರು ಇಬ್ಬರಿಗೂ ಒಂದೇ ಇದ್ದರೂ ಅಡ್ಡಿಯಿಲ್ಲ.

ಸಿದ್ದರಾಜು ಸೋತದ್ದನ್ನು ಸುಲಭಕ್ಕೆ ಮರೆಯಲಿಲ್ಲ. ಆದೇಶ ಮೀರಿದ್ದಕ್ಕೆ ಕ್ಷಮೆ ಕೇಳಿ ಪತ್ರ ಬರೆದುಕೊಡು ಎಂದರು. ಒಂದು ಹಾಳೆ ತಾನೇ, ಬರೆದುಕೊಟ್ಟು ಬಾ ಎಂದು ಕೆಂಪಯ್ಯನೂ ಮಗಳಿಗೆ ಹೇಳಿದನಂತೆ. ಗೌತಮಿ ಬರೆದಳು. ಆ ಪತ್ರ ನಾನು ನೋಡಿದ್ದೇನೆ. ಎರಡೇ ಸಾಲು: "ಆದೇಶ ಮೀರಿದ್ದು ನಿಜ. ಅದಕ್ಕೆ ನನಗೆ ವಿಷಾದವಿಲ್ಲ." ಕೆಳಗೆ ದಿನಾಂಕ, ಸಹಿ.

ಅವಳನ್ನು ಟಿ. ನರಸೀಪುರದ ಶಾಖೆಗೆ ಹಾಕಿದರು. ದೇವನೂರಿನಿಂದ ಎರಡು ಬಸ್ಸು ಬದಲಿಸಬೇಕು. ಹೋಗುತ್ತಿದ್ದಾಳೆ. ಅಲ್ಲಿ ಈಗ ಭಾನುಪ್ರಿಯಾ ಎಂಬ ಹೊಸ ಆಪರೇಟರಿಗೆ ಕೆಲಸ ಕಲಿಸುತ್ತಿದ್ದಾಳೆ. ಕಾರ್ಡು ಕಳೆದುಕೊಂಡು ಬಂದವರ ನಂಬರನ್ನು ಎಂದೂ ಊಹಿಸಿ ಒತ್ತಬೇಡ, ಎದುರು ಕೂರಿಸಿಕೊಂಡು ಒಂದೊಂದೇ ಕೇಳಿ ಅವರ ಸಾಲು ಹುಡುಕು ಎಂದು ಮೊದಲ ದಿನವೇ ಹೇಳಿದಳಂತೆ. ಅಷ್ಟು ಹೊತ್ತು ಕೂತರೆ ಹಿಂದಿನ ಕ್ಯೂನವರು ಕೂಗಾಡುವುದಿಲ್ಲವಾ ಅಕ್ಕ ಎಂದು ಭಾನುಪ್ರಿಯಾ ಕೇಳಿದ್ದಾಳೆ.

"ಕೂಗ್ಲಿ ಬಿಡು" ಎಂದಳಂತೆ ಗೌತಮಿ.