ಕುಂಡಕ್ಕೆ ಸುರಿದ ಅಭಿಷೇಕದ ನೀರು

ನಿನ್ನ ಲ್ಯಾವೆಂಡರ್ ಗಿಡಗಳನ್ನು ಕೊಂದವನು ನಾನು, ಅಶ್ವಿನಿ. ಬಿಸಿಲಲ್ಲ, ಮಣ್ಣಲ್ಲ, ನಿನ್ನ ಕೈಯಂತೂ ಅಲ್ಲವೇ ಅಲ್ಲ. ನಿನ್ನ ಮಾವ — ದಿನಾ ಬೆಳಿಗ್ಗೆ ದೇವರ ಮುಂದೆ ಎರಡು ಗಂಟೆ ಕೂಡುವ ಈ ಮುದುಕ.

ಹೊಟ್ಟೆಯಲ್ಲಿದ್ದ ಕೂಸು ನಾಲ್ಕನೆಯ ತಿಂಗಳಿಗೆ ನಿಲ್ಲದೆ ಹೋದ ಮೇಲೆ ನೀನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆಮೇಲೆ ಒಂದು ದಿನ, ಲ್ಯಾವೆಂಡರ್ ಬೆಳೆಸುತ್ತೇನೆ ಎಂದೆ. ಕೊಂಡಾಪುರದ ನಮ್ಮ ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಯಾವ ಜಾತಿ ಬದುಕೀತು ಎಂದು ವಾರಗಟ್ಟಲೆ ಓದಿದೆ. ಇಂಗ್ಲಿಷ್ ಜಾತಿಗೆ ಪರಿಮಳ ಚಂದ, ಆದರೆ ನಮ್ಮ ಬೇಸಿಗೆ ಅದಕ್ಕೆ ಆಗದು ಎಂದು ಬಿಟ್ಟೆ. ಎಲೆಯಂಚಿಗೆ ಹಲ್ಲಿರುವ ಫ್ರೆಂಚ್ ಜಾತಿಯದು ಎರಡು, ಸಬ್ಬಸಿಗೆಯ ಹಾಗೆ ಸೀಳೆಲೆಯದು ಮೂರು ತಂದೆ. ಮಣ್ಣಿಗೆ ಮರಳು, ಸಣ್ಣ ಜಲ್ಲಿ ಬೆರೆಸಿ ನೆಟ್ಟೆ. ಊಟದ ಹೊತ್ತಿಗೆ ಮತ್ತೆ ನಿನ್ನ ದನಿ ಕೇಳತೊಡಗಿತು — ಗಿಡದ ಮಾತೇ, ಆದರೂ ಮಾತು.

"ಮಾವಾರೆ, ಇವಕ್ಕ ನೀರು ಹಾಕಬ್ಯಾಡ್ರಿ. ಮಣ್ಣು ಪೂರಾ ಒಣಗಿದ ಮ್ಯಾಲ ನಾನೇ ಹಾಕತೀನಿ." ಎಷ್ಟು ಸಲ ಹೇಳಿದ್ದೆ ನೀನು!

ನಾನು ಹೂಂ ಎಂದಿದ್ದೆ. ಆದರೆ ಅಭಿಷೇಕದ ಹಾಲು, ನೀರನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು, ಮೋರಿಗಂತೂ ಹಾಕಲೇಬಾರದು — ರಾಯಚೂರಿನ ನಮ್ಮ ಮನೆಯಲ್ಲಿ ಅದು ಕಟ್ಟುನಿಟ್ಟು. ಇಲ್ಲಿ ತಂಬಿಗೆ ಹಿಡಿದು, ಲಿಫ್ಟಿನಲ್ಲಿ ಇಳಿದು, ಕಾಂಪೌಂಡಿನ ಬೇವಿನ ಬುಡಕ್ಕೆ ಹಾಕಿ ಬರುತ್ತಿದ್ದೆ. ನಿನ್ನ ಕುಂಡಗಳು ಬಂದ ಮೇಲೆ ಇಳಿಯುವುದನ್ನೇ ಬಿಟ್ಟೆ. ಮೊಣಕಾಲು ನೋವು ಎಂದು ನೆಪ ಹೇಳಬಹುದು. ಹೇಳುವುದಿಲ್ಲ, ಅದು ಸೋಮಾರಿತನ. ನೀನು ಸ್ನಾನಕ್ಕೆ ಹೋದಾಗ ಕುಂಡಕುಂಡಕ್ಕೂ ಇಷ್ಟಿಷ್ಟು ಸುರಿದುಬಿಡುತ್ತಿದ್ದೆ. ದೇವರ ಮೈಮೇಲಿನ ನೀರು ಗಿಡಕ್ಕೆ ಕೆಟ್ಟದ್ದು ಮಾಡೀತೇ? ಮೊದಲ ವಾರ ಚಿಗುರು ಕಂಡಿತು. ಇವಳ ಓದಿಗಿಂತ ನನ್ನ ಪೂಜೆ ದೊಡ್ಡದು ಎಂದು ಒಳಗೊಳಗೇ ಬೀಗಿದೆ — ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಎಲೆ ಹಳದಿಯಾಯಿತು, ಕಾಂಡ ಮೆತ್ತಗಾಯಿತು. ನನಗೆ ಗೊತ್ತಾಯಿತು. ಸುರಿಯುವುದನ್ನು ನಿಲ್ಲಿಸಿದೆ, ಹೇಳಲಿಲ್ಲ. ಒಂದೊಂದಾಗಿ ಐದೂ ಹೋದವು. ಕೊನೆಯ ಕುಂಡವನ್ನು ನೀನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿದಾಗ ಬೇರುಗಳೆಲ್ಲ ಕಪ್ಪಾಗಿ, ಹುಳಿ ನಾತ ಬರುತ್ತಿತ್ತು.

"ಬೇರು ಕೊಳತಾವ್ರಿ. ನನ್ನ ಕೈಯಾಗ ಯಾವ ಜೀವಾನೂ ಉಳಿಯಂಗಿಲ್ಲ ನೋಡ್ರಿ," ಎಂದೆ ನೀನು.

ಯಾವ ಜೀವದ ಮಾತು ಎಂದು ನನಗೆ ತಿಳಿಯದೇ? ಆಗಲೇ ಬಾಯಿ ಬಿಡಬೇಕಿತ್ತು. ನಾನು ಹೇಳಿದ್ದು ಇಷ್ಟೇ — "ಈ ಊರಿನ ಬಿಸಿಲು ಭಾಳವ್ವಾ."

ಎರಡು ವರ್ಷವಾಯಿತು. ಖಾಲಿ ಕುಂಡಗಳನ್ನು ನೀನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ನಿನ್ನ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೂ ಎತ್ತಿ ಆಡಿಸಿದರು. ನಿನ್ನ ಮುಂದೆ ಹಿಡಿದಾಗ ಮಾತ್ರ, "ಕೈ ಹಸಿ ಅದಾವ" ಎಂದು ನೀನು ಒಳಗೆ ಹೋದೆ. ನಿನ್ನ ಕೈ ಒಣಗಿಯೇ ಇದ್ದವು. ನಾನು ನೋಡಿದೆ.

ಹೋದ ಭಾನುವಾರ ತುಳಸಿ ತರಲು ಗಚ್ಚಿಬೌಲಿಯ ನರ್ಸರಿಗೆ ಹೋಗಿದ್ದೆವಲ್ಲ. ಅಲ್ಲಿ ನೀನು ಒಂದು ಹಲ್ಲೆಲೆಯ ಲ್ಯಾವೆಂಡರ್ ಎತ್ತಿಕೊಂಡೆ, ಎಲೆ ತಿಕ್ಕಿ ಮೂಸಿದೆ. ತಗೋ ಎಂದೆ ನಾನು. ನೀನು ಮೆಲ್ಲಗೆ ಅದನ್ನು ಇದ್ದಲ್ಲೇ ಇಟ್ಟು, "ಬ್ಯಾಡ್ರಿ. ಪಾಪ, ಬದುಕ್ಲಿ," ಎಂದೆ.

ಇನ್ನು ತಡೆಯಲಾಗಲಿಲ್ಲ. ಅಲ್ಲೇ, ಗಿಡಗಳ ನಡುವೆ ನಿಂತು ಎಲ್ಲ ಹೇಳಿದೆ — ತಂಬಿಗೆ, ಹಾಲು, ನೀನು ಸ್ನಾನಕ್ಕೆ ಹೋಗುವ ಹೊತ್ತು... ತೊದಲುತ್ತಲೇ ಹೇಳಿದೆ. ನೀನು ಪೂರ್ತಿ ಕೇಳಿ ಸಣ್ಣಗೆ ನಕ್ಕೆ.

"ನನ್ನ ಸಮಾಧಾನಕ್ಕ ಇಷ್ಟೆಲ್ಲಾ ಯಾಕ ಕಟ್ಟತೀರಿ ಮಾವಾರೆ? ಬಿಡ್ರಿ."

ಮತ್ತೆ ಹೇಳಲು ಹೋದೆ — ನೀನು ಆಗಲೇ ನನ್ನ ಮೊಣಕೈ ಹಿಡಿದಿದ್ದೆ. ಮುದುಕ ಬಿದ್ದಾನು ಎಂದು ಎಚ್ಚರದಿಂದ, ನರ್ಸರಿಯ ಒಂದೊಂದೇ ಮೆಟ್ಟಿಲು ಇಳಿಸಿ, ಕಾರಿನಲ್ಲಿ ಕೂಡಿಸಿದೆ.